ಹ್ಯಾಚರಿಯಲ್ಲಿ ಕಡಲ ಮೀನಿನ ಮೊಟ್ಟೆಗಳ ಸೋಂಕು ನಿವಾರಣೆ: ಸಂಗ್ರಹದಿಂದ ಮರಿಯಾಗುವವರೆಗೆ

ಕಡಲ ಮೀನಿನ ಹ್ಯಾಚರಿಯಲ್ಲಿ, ಅಂದರೆ ಮರಿ ಮಾಡಿಸುವ ಕೇಂದ್ರದಲ್ಲಿ, ಮೊಟ್ಟೆಗೆ ರೋಗ ಬಂದದ್ದು ಮೊಟ್ಟೆಯಲ್ಲೇ ಕಾಣಿಸುವುದು ಅಪರೂಪ. ಮೊಟ್ಟೆ ಸ್ವಚ್ಛವಾಗಿ ತೇಲುತ್ತದೆ, ಮರಿಯೂ ಚೆನ್ನಾಗಿಯೇ ಹೊರಬರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಟ್ಯಾಂಕಿನ ಮರಿಗಳು ಕಪ್ಪಾಗಿ, ತಿನ್ನುವುದನ್ನು ಬಿಟ್ಟು, ಸುರುಳಿ ಸುತ್ತುತ್ತಾ ಸಾಯತೊಡಗುತ್ತವೆ. ಅಷ್ಟರಲ್ಲಿ ಮರಿಗಳಿಗೆ ತಿನ್ನಿಸುವ ಸೂಕ್ಷ್ಮ ಜೀವಿಗಳಾದ ರೋಟಿಫರ್, ಆರ್ಟೀಮಿಯಾ, ಜೊತೆಗೆ ವಿದ್ಯುತ್, ರಾತ್ರಿ ಪಾಳಿ ಎಲ್ಲದರ ಖರ್ಚೂ ಆಗಿಹೋಗಿರುತ್ತದೆ. ಮೊಟ್ಟೆಯನ್ನು ತೊಳೆದು ಸೋಂಕು ಕಳೆಯುವ ಹತ್ತು ನಿಮಿಷದ ಕೆಲಸ ಇಂಥ ನಷ್ಟದ ಎಲ್ಲ ದಾರಿಗಳನ್ನೂ ಮುಚ್ಚುವುದಿಲ್ಲ. ಆದರೆ ಒಂದು ಮುಖ್ಯ ದಾರಿಯನ್ನು ಖಂಡಿತ ಮುಚ್ಚುತ್ತದೆ.

ಈ ಮಾರ್ಗದರ್ಶಿಯಲ್ಲಿ ಮುಖ್ಯ ಉದಾಹರಣೆಯಾಗಿ ಕುರುಡಿ ಮೀನನ್ನು, ಅಂದರೆ ಏಷ್ಯನ್ ಸೀಬಾಸನ್ನು ಇಟ್ಟುಕೊಂಡಿದ್ದೇನೆ. ಭಾರತದಲ್ಲಿ ಚೆನ್ನೈನ ಸಿಬಾ (ಕೇಂದ್ರೀಯ ಚೌಳು ನೀರಿನ ಜಲಕೃಷಿ ಸಂಸ್ಥೆ) 1997ರಲ್ಲೇ ಇದರ ಮರಿ ಉತ್ಪಾದನೆ ಸಾಧಿಸಿತು. ಕೋಬಿಯಾ ಮೀನನ್ನು ಸಿಎಂಎಫ್‌ಆರ್‌ಐ (ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) 2010ರಲ್ಲಿ ತಮಿಳುನಾಡಿನ ಮಂಡಪಂನಲ್ಲಿ ಮರಿ ಮಾಡಿಸಿತು, ಮರುವರ್ಷ ಸಿಲ್ವರ್ ಪೊಂಪಾನೊ ಮೀನಿನ ಸರದಿ ಬಂತು. ಕಾರವಾರ, ಉಪ್ಪುಂದದ ಕಡೆ ಪಂಜರ ಕೃಷಿ ಮಾಡುವವರಿಗೆ ಈ ಮೂರೂ ಹೆಸರು ಪರಿಚಿತ. ಕೆಲಸದ ಕ್ರಮ ಮೂರಕ್ಕೂ ಒಂದೇ, ಮದ್ದಿನ ಪ್ರಮಾಣ ಮತ್ತು ಸಮಯ ಮಾತ್ರ ಜಾತಿಯಿಂದ ಜಾತಿಗೆ ಬದಲಾಗುತ್ತದೆ.

ಯಾರ ವಿರುದ್ಧ ಈ ಕೆಲಸ?

ಮೊಟ್ಟೆಯ ಹೊರಪದರದ ಮೇಲೆ ಎರಡು ಬಗೆಯ ಶತ್ರುಗಳು ಕೂರುತ್ತವೆ. ಮೊದಲನೆಯದು ಬ್ಯಾಕ್ಟೀರಿಯಾ. ವಿಬ್ರಿಯೊ ಜಾತಿಯವು ಎಲ್ಲ ಕಡಲ ನೀರಿನಲ್ಲೂ ಇರುತ್ತವೆ, ಸತ್ತ ಮೊಟ್ಟೆಗಳ ಮೇಲೆ ಬೇಗ ಹೆಚ್ಚುತ್ತವೆ. ಮೊಟ್ಟೆಯ ಹೊರಪದರವನ್ನೇ ಕರಗಿಸುವವೂ ಇವೆ. ನಾರ್ವೆಯಲ್ಲಿ ಹ್ಯಾಲಿಬಟ್ ಮೀನಿನ ಮೊಟ್ಟೆಗಳಿಂದ ಬೇರ್ಪಡಿಸಿ 1992ರಲ್ಲಿ ಹೆಸರಿಟ್ಟ ಒಂದು ಬ್ಯಾಕ್ಟೀರಿಯಾ, ಇಂದಿನ ಹೆಸರಿನಲ್ಲಿ ಟೆನಾಸಿಬ್ಯಾಕುಲಂ ಓವೊಲಿಟಿಕಂ, ಅದಕ್ಕೆ ಪ್ರಸಿದ್ಧ ಉದಾಹರಣೆ.

ಎರಡನೆಯದು ವೈರಸ್. ಕುರುಡಿಗೆ ದೊಡ್ಡ ಅಪಾಯ ನೋಡಾ ವೈರಸ್. ಇದು ಮರಿಯ ಮಿದುಳು ಮತ್ತು ಕಣ್ಣಿನ ಪಟಲದಲ್ಲಿ ಗುಳಿಗಳನ್ನು ಮಾಡುತ್ತದೆ, ಸುರುಳಿ ಈಜಾಟಕ್ಕೆ ಕಾರಣ ಅದೇ. ಭಾರತದ ಹ್ಯಾಚರಿಯಲ್ಲಿ ಕುರುಡಿ ಮರಿಗಳು ಇದರಿಂದ ಸತ್ತ ಮೊದಲ ವರದಿ 2005ರಲ್ಲಿ ಪ್ರಕಟವಾಯಿತು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಸಾಬೂನು, ಮಾರ್ಜಕಗಳಿಗೆ ಅದು ಜಗ್ಗುವುದಿಲ್ಲ. ಫಾರ್ಮಲಿನ್ ಕೂಡ ಅದನ್ನು ಬೇಗ ಕೊಲ್ಲುವುದಿಲ್ಲ. ಫಾರ್ಮಲಿನ್ ಸ್ನಾನ ಮಾಡಿಸಿ ನೋಡಾದಿಂದ ಪಾರಾದೆವು ಎಂದುಕೊಂಡಿರುವ ಹ್ಯಾಚರಿಗಳು ತಮ್ಮ ಕ್ರಮವನ್ನು ಮತ್ತೆ ಪರಿಶೀಲಿಸಬೇಕು.

ಇಲ್ಲೊಂದು ಮಿತಿಯನ್ನು ಮೊದಲೇ ಹೇಳಬೇಕು. ನೋಡಾ ವೈರಸ್ ತಾಯಿ ಮೀನಿನಿಂದ ಮೊಟ್ಟೆಗೆ ಹೋಗುತ್ತದೆ. ಅಂಡಾಶಯದ ದ್ರವದಿಂದ ಮೊಟ್ಟೆಯ ಹೊರಗೆ ಅಂಟಿಕೊಂಡ ವೈರಸನ್ನು ಸ್ನಾನದಿಂದ ಕಳೆಯಬಹುದು. ಮೊಟ್ಟೆಯ ಒಳಗೇ ಸೇರಿದ್ದನ್ನು ಯಾವ ಮದ್ದೂ ತಲುಪದು. ಆದ್ದರಿಂದ ಕೆಲಸ ಶುರುವಾಗುವುದು ತಾಯಿ ಮೀನಿನಿಂದ. ಹೊಸ ತಾಯಿ ಮೀನುಗಳನ್ನು ಪ್ರತ್ಯೇಕ ಟ್ಯಾಂಕಿನಲ್ಲಿ ನಿಗಾದಲ್ಲಿಟ್ಟು, ಮೊಟ್ಟೆ ಮತ್ತು ವೀರ್ಯದ ಮಾದರಿ ತೆಗೆದು ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದ ಮೀನು ಎಷ್ಟೇ ದೊಡ್ಡದಿರಲಿ, ಎಷ್ಟೇ ಮೊಟ್ಟೆ ಕೊಡಲಿ, ಗುಂಪಿನಿಂದ ಹೊರಗೆ. ಜಪಾನಿನಲ್ಲಿ ಪಟ್ಟೆ ಜ್ಯಾಕ್ ಮೀನಿನ ಹ್ಯಾಚರಿಗಳು ಈ ರೋಗವನ್ನು ಹತೋಟಿಗೆ ತಂದದ್ದು ಹೀಗೆ ತಾಯಿ ಮೀನುಗಳನ್ನು ಆರಿಸುವುದು ಮತ್ತು ಮೊಟ್ಟೆ ತೊಳೆಯುವುದು, ಎರಡನ್ನೂ ಜೊತೆಯಾಗಿ ಮಾಡಿ.

ಯಾವ ಮದ್ದು?

ನಮ್ಮ ಹ್ಯಾಚರಿಗಳಿಗೆ ನಾನು ಹೇಳುವುದು ಅಯೋಡಿನ್, ಅಂದರೆ ಪೊವಿಡೋನ್ ಅಯೋಡಿನ್. ಸುಲಭವಾಗಿ ಸಿಗುತ್ತದೆ, ಬಣ್ಣ ನೋಡಿಯೇ ಶಕ್ತಿ ಇದೆಯೋ ಇಲ್ಲವೋ ಅಂದಾಜಿಸಬಹುದು, ಕೆಲಸ ಮಾಡುವವರಿಗೆ ಅಪಾಯ ಕಡಿಮೆ, ಬ್ಯಾಕ್ಟೀರಿಯಾ ಮತ್ತು ವೈರಸ್ ಎರಡರ ಮೇಲೂ ಕೆಲಸ ಮಾಡುತ್ತದೆ.

ಓಜೋನ್ ಬಹಳ ಪರಿಣಾಮಕಾರಿ. ಹ್ಯಾಲಿಬಟ್ ಮೊಟ್ಟೆಗಳ ಮೇಲಿನ ನೋಡಾ ವೈರಸನ್ನು ಲೀಟರಿಗೆ 4 ಮಿಲಿಗ್ರಾಂ ಓಜೋನ್ ಇರುವ ಸಮುದ್ರದ ನೀರು ಅರ್ಧ ನಿಮಿಷದಲ್ಲಿ ನಿಷ್ಕ್ರಿಯಗೊಳಿಸಿತೆಂದು ನಾರ್ವೆಯ ಸಂಶೋಧಕರು 2000ದಲ್ಲಿ ತೋರಿಸಿದರು. ಆದರೆ ಸಮುದ್ರದ ನೀರಿನಲ್ಲಿ ಬ್ರೋಮೈಡ್ ಇರುತ್ತದೆ. ಓಜೋನ್ ಅದರೊಡನೆ ಸೇರಿ ಬ್ರೋಮಿನ್ ಸಂಯುಕ್ತಗಳಾಗುತ್ತದೆ, ಅವೂ ಮೊಟ್ಟೆಗೆ ವಿಷ. ಅಳೆಯುವ ಉಪಕರಣ, ಉಳಿಕೆ ತೆಗೆಯಲು ಇದ್ದಿಲಿನ ಫಿಲ್ಟರ್, ಕೋಣೆಯ ಗಾಳಿಯಲ್ಲಿ ಓಜೋನ್ 0.1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 0.1 ಭಾಗ) ಮೀರದಂತೆ ನೋಡುವ ವ್ಯವಸ್ಥೆ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಪ್ರಮಾಣ ಮೀರಿದರೆ ಹೊರಪದರ ಗಟ್ಟಿಯಾಗಿ ಮರಿ ಒಳಗೇ ಸಿಕ್ಕಿಬೀಳುತ್ತದೆ.

ಗ್ಲೂಟರಾಲ್ಡಿಹೈಡನ್ನು ಯುರೋಪಿನಲ್ಲಿ ಹ್ಯಾಲಿಬಟ್, ಟರ್ಬಟ್ ಮೊಟ್ಟೆಗಳಿಗೆ ಲೀಟರಿಗೆ 400ರಿಂದ 800 ಮಿಲಿಗ್ರಾಂ ಲೆಕ್ಕದಲ್ಲಿ 5ರಿಂದ 10 ನಿಮಿಷ ಬಳಸಿದ್ದಾರೆ. ಒಳ್ಳೆಯ ಫಲಿತಾಂಶ ಬಂದದ್ದು ನಿಜ. ಆದರೆ ಅದರ ಆವಿ ಕಣ್ಣು, ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ಅಲರ್ಜಿ ತರುತ್ತದೆ. ಗಾಳಿಯಾಡದ ಸಣ್ಣ ಶೆಡ್ಡಿನಲ್ಲಿ ಹುಡುಗರು ಬರಿಗೈಯಲ್ಲಿ ಕೆಲಸ ಮಾಡುವ ಕಡೆ ಇದನ್ನು ತರಲೇಬಾರದು. ಕ್ಯಾನ್ಸರ್‌ಕಾರಕವಾದ ಫಾರ್ಮಲಿನ್ ಬಗ್ಗೆಯೂ ನನ್ನ ಮಾತು ಇದೇ. ಕ್ಲೋರಿನ್ ಬಕೆಟ್, ಬಲೆ, ಪೈಪುಗಳಿಗೆ ಸರಿ. ಮೊಟ್ಟೆಗೆ ಬೇಡ.

ಹಿಂದಿನ ದಿನದ ತಯಾರಿ

ಮೊಟ್ಟೆ ಇಡುವ ರಾತ್ರಿ ಸಾಮಾನು ಹುಡುಕುತ್ತಾ ಕೂರುವಂತಾಗಬಾರದು. ಹಿಂದಿನ ದಿನವೇ ಕೋಣೆಯನ್ನು ಎರಡು ಭಾಗ ಮಾಡಿ. ಒಂದು ಕೊಳೆ ಬದಿ, ಇನ್ನೊಂದು ಶುದ್ಧ ಬದಿ. ನಡುವೆ ಅಯೋಡಿನ್ ಟಬ್. ಮೊಟ್ಟೆ ಕೊಳೆ ಬದಿಯಿಂದ ಟಬ್ಬಿಗೆ, ಟಬ್ಬಿನಿಂದ ಶುದ್ಧ ಬದಿಗೆ ಹೋಗಬೇಕು, ಹಿಂದಕ್ಕೆ ಏನೂ ಬರಕೂಡದು. ಎರಡೂ ಬದಿಗೆ ಬೇರೆ ಬೇರೆ ಬಣ್ಣದ ಬಕೆಟ್, ಜಾಲರಿ, ಮಗ್ ಇಡಿ. ಸಾಧ್ಯವಾದರೆ ಬೇರೆ ಬೇರೆ ಜನರೇ ಇರಲಿ. ಒಬ್ಬರೇ ಇದ್ದರೆ ಟಬ್ ದಾಟುವಾಗ ಕೈಗವಸು ಬದಲಿಸಬೇಕು. ಮೊಟ್ಟೆಯನ್ನು ಸರಿಯಾಗಿ ತೊಳೆದು, ಆಮೇಲೆ ತಾಯಿ ಮೀನಿನ ಟ್ಯಾಂಕಿಗೆ ಅದ್ದಿದ ಅದೇ ಮಗ್ಗಿನಲ್ಲಿ ನೀರು ಸುರಿದರೆ ಮಾಡಿದ್ದೆಲ್ಲ ವ್ಯರ್ಥ. ಹ್ಯಾಚರಿಗಳಲ್ಲಿ ಈ ಕ್ರಮ ಕೈಕೊಡುವುದು ಮದ್ದಿನ ದೋಷಕ್ಕಿಂತ ಹೆಚ್ಚಾಗಿ ಇಂಥ ಕಡೆ.

ಸಲಕರಣೆಗಳನ್ನು 200 ಪಿಪಿಎಂ, ಅಂದರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಶೇ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ 10 ಲೀಟರಿಗೆ ಸುಮಾರು 7 ಗ್ರಾಂ. ಹಳೆಯ, ಗಂಟು ಕಟ್ಟಿದ ಪೌಡರಿನಲ್ಲಿ ಇಷ್ಟು ಶಕ್ತಿ ಉಳಿದಿರುವುದಿಲ್ಲ. ನೆನೆಸಿದ ಮೇಲೆ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ.

ತೊಳೆಯುವ ಮತ್ತು ಮರಿ ಮಾಡಿಸುವ ನೀರು ಮರಳಿನ ಫಿಲ್ಟರ್, ಅದರ ನಂತರ ಕಾರ್ಟ್ರಿಜ್ ಫಿಲ್ಟರ್, ಕೊನೆಗೆ ಯುವಿ, ಅಂದರೆ ರೋಗಾಣು ಕೊಲ್ಲುವ ನೇರಳಾತೀತ ದೀಪ, ದಾಟಿ ಬಂದಿರಬೇಕು. ಯುವಿ ಇಲ್ಲದಿದ್ದರೆ ಕ್ಲೋರಿನ್ ಹಾಕಿ, ಥಯೋಸಲ್ಫೇಟಿನಿಂದ ಕ್ಲೋರಿನ್ ಪೂರ್ತಿ ಕಳೆದು, ಗಾಳಿ ಹಾಯಿಸಿ ಇಟ್ಟ ನೀರು ನಡೆಯುತ್ತದೆ. ಕ್ಲೋರಿನ್ ಉಳಿದಿಲ್ಲವೆಂದು ಪರೀಕ್ಷಿಸಿಯೇ ಬಳಸಿ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಲವಣಾಂಶ ಬಹಳ ಇಳಿಯುತ್ತದೆ. ಆ ನೀರಿನಲ್ಲಿ ಒಳ್ಳೆಯ ಮೊಟ್ಟೆಗಳೂ ಮುಳುಗುವುದರಿಂದ, ಸಾವಿರ ಭಾಗಕ್ಕೆ 28ರಿಂದ 32 ಭಾಗ ಲವಣ ಇರುವ ನೀರನ್ನು ಮೊದಲೇ ಸಂಗ್ರಹಿಸಿಡಿ.

ಮೊಟ್ಟೆ ಸಂಗ್ರಹ, ಸೋಸುವಿಕೆ

ಕುರುಡಿ ಸಂಜೆ ಕತ್ತಲಾದ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ 0.7ರಿಂದ 0.8 ಮಿಲಿಮೀಟರ್ ಇದ್ದು, ಒಳಗೆ ಒಂದೇ ಎಣ್ಣೆಯ ಹನಿ ಇರುತ್ತದೆ. ಕೋಬಿಯಾದ್ದು ದೊಡ್ಡದು, ಒಂದು ಮಿಲಿಮೀಟರಿಗೂ ಮಿಕ್ಕಿ. ಟ್ಯಾಂಕಿನ ಮೇಲ್ಭಾಗದಿಂದ ತುಂಬಿ ಹೊರಬೀಳುವ ನೀರಿಗೆ ಜಾಲರಿ ಚೀಲ ಕಟ್ಟಿ ಮೊಟ್ಟೆ ಹಿಡಿಯುತ್ತೇವೆ. ಕುರುಡಿಗೆ 300 ಮೈಕ್ರಾನ್, ಕೋಬಿಯಾಕ್ಕೆ 500 ಮೈಕ್ರಾನ್ ಜಾಲರಿ ಸಾಕು. ಚೀಲ ಯಾವಾಗಲೂ ನೀರಿನಲ್ಲೇ ಮುಳುಗಿರಲಿ. ಒಣ ಜಾಲರಿಗೆ ಅಂಟಿದ ಮೊಟ್ಟೆ ಬದುಕುವುದಿಲ್ಲ.

ಮೊದಲು ಎರಡು ಮಿಲಿಮೀಟರ್ ಕಣ್ಣಿನ ಒರಟು ಜಾಲರಿಯಲ್ಲಿ ಸೋಸಿ ಮೀನಿನ ಮಲ, ತಿನ್ನದೆ ಉಳಿದ ಆಹಾರ, ಹುರುಪೆಗಳನ್ನು ತೆಗೆಯಿರಿ. ನಂತರ ಶುದ್ಧ ನೀರಿನ ಟಬ್ಬಿಗೆ ಹಾಕಿ ಗಾಳಿ ನಿಲ್ಲಿಸಿ. ಐದರಿಂದ ಹತ್ತು ನಿಮಿಷದಲ್ಲಿ ಫಲಿತ ಮೊಟ್ಟೆಗಳು ಗಾಜಿನಂತೆ ಮೇಲೆ ತೇಲುತ್ತವೆ, ಬಿಳಿಚಿದ ಸತ್ತ ಮೊಟ್ಟೆಗಳು ತಳ ಸೇರುತ್ತವೆ. ತಳದ್ದನ್ನು ಸಣ್ಣ ಪೈಪಿನಿಂದ ಎಳೆದು ಹೊರಹಾಕಿ. ತಳದಲ್ಲಿ ಏನೂ ಉಳಿಯದಂತೆ ಇದನ್ನು ಮತ್ತೆ ಮತ್ತೆ ಮಾಡಿ.

ಈ ಹಂತದಲ್ಲಿ ಆತುರ ಬೇಡ. ಅಯೋಡಿನ್ ಸಾವಯವ ಕೊಳೆಯನ್ನು ಕಂಡಲ್ಲೆಲ್ಲ ಅದರ ಮೇಲೆಯೇ ಖರ್ಚಾಗುತ್ತದೆ. ಲೋಳೆ, ಸತ್ತ ಮೊಟ್ಟೆ, ವೀರ್ಯದ ಉಳಿಕೆ ಇದ್ದರೆ ಮೊಟ್ಟೆಯ ಮೇಲಿನ ವೈರಸ್‌ವರೆಗೆ ಮದ್ದು ತಲುಪುವುದೇ ಇಲ್ಲ. ಐದು ನಿಮಿಷ ಹೆಚ್ಚು ತೊಳೆದ ಮೊಟ್ಟೆಗೆ 50 ಪಿಪಿಎಂ ಸಾಕಾಗುವ ಕಡೆ, ಕೊಳಕು ಮೊಟ್ಟೆಗೆ 100 ಕೂಡ ಸಾಲದು.

ಸರಿಯಾದ ಹೊತ್ತು

28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುರುಡಿ ಮೊಟ್ಟೆ ಸುಮಾರು 15ರಿಂದ 18 ಗಂಟೆಯಲ್ಲಿ ಮರಿಯಾಗುತ್ತದೆ. ಸಾಲ್ಮನ್ ಸಾಕುವವರಿಗೆ ವಾರಗಟ್ಟಲೆ ಸಮಯವಿರುತ್ತದೆ, ನಮಗೆ ಒಂದೇ ರಾತ್ರಿ. ಆದ್ದರಿಂದ ಗಡಿಯಾರಕ್ಕಿಂತ ಸೂಕ್ಷ್ಮದರ್ಶಕವನ್ನು ನಂಬಿ.

ಕೋಶಗಳು ಎರಡು, ನಾಲ್ಕು, ಎಂಟು ಎಂದು ಒಡೆಯುತ್ತಿರುವ ಮೊದಲ ಗಂಟೆಗಳಲ್ಲಿ ಭ್ರೂಣ ಬಹಳ ನಾಜೂಕು. ಆಗ ಮುಟ್ಟಬೇಡಿ. ಮರಿ ಹೊರಬರುವ ಹೊತ್ತು ಹತ್ತಿರವಾದಾಗಲೂ ಬೇಡ. ಆಗ ಹೊರಪದರ ಕರಗಿ ತೆಳುವಾಗುತ್ತಿರುತ್ತದೆ, ಅಯೋಡಿನ್ ನೇರ ಮರಿಗೇ ತಗಲುತ್ತದೆ. ನಡುವಿನ ಅವಧಿ ನಮ್ಮದು: ಭ್ರೂಣದ ದೇಹ ಹಳದಿಯ ಸುತ್ತ ಸ್ಪಷ್ಟ ಗೆರೆಯಾಗಿ ಕಾಣಬೇಕು, ಬಾಲದ ಮಿಡಿತ ಇನ್ನೂ ಶುರುವಾಗಿರಬಾರದು. ರಾತ್ರಿ ಎಂಟು ಒಂಬತ್ತಕ್ಕೆ ಇಟ್ಟ ಮೊಟ್ಟೆ ಬೆಳಗಿನ ಜಾವಕ್ಕೆ ಸಾಮಾನ್ಯವಾಗಿ ಈ ಹಂತದಲ್ಲಿರುತ್ತದೆ. ಹತ್ತಾರು ಮೊಟ್ಟೆ ತೆಗೆದು ನೋಡಿ. ಬಾಲ ಮಿಡಿಯುವವು ಹೆಚ್ಚಾಗಿದ್ದರೆ ಆ ತಂಡಕ್ಕೆ, ಅಂದರೆ ಒಂದೇ ಸಲ ಇಟ್ಟ ಆ ಮೊಟ್ಟೆಗಳಿಗೆ, ಅಯೋಡಿನ್ ಹಾಕದೆ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು ಬೇರೆಯಾಗಿಯೇ ಮರಿ ಮಾಡಿಸಿ.

ದ್ರಾವಣದ ಲೆಕ್ಕ

ಬಾಟಲಿಯ ಮೇಲೆ ಎರಡು ಸಂಖ್ಯೆ ಇರುತ್ತವೆ. ‘ಪೊವಿಡೋನ್ ಅಯೋಡಿನ್ ಶೇ 5’ ಎಂದರೆ ಇಡೀ ಸಂಯುಕ್ತದ ಲೆಕ್ಕ. ಅದರಲ್ಲಿ ಕೆಲಸ ಮಾಡುವ, ಲಭ್ಯ ಅಯೋಡಿನ್ ಹತ್ತನೇ ಒಂದು ಭಾಗ ಮಾತ್ರ, ಅಂದರೆ ಶೇ 0.5. ನಮಗೆ ಬೇಕಾದದ್ದು ಈ ಎರಡನೆಯ ಸಂಖ್ಯೆ. ಇದನ್ನು ತಪ್ಪಿಸಿದರೆ ಮದ್ದು ಹತ್ತು ಪಟ್ಟು ಕಡಿಮೆಯಾಗುತ್ತದೆ.

ಲೆಕ್ಕ ಹೀಗೆ: ಟಬ್ಬಿನ ನೀರು ಎಷ್ಟು ಲೀಟರ್ ಎಂಬುದನ್ನು ಬೇಕಾದ ಪಿಪಿಎಂನಿಂದ ಗುಣಿಸಿ. ಬಂದದ್ದನ್ನು ಲಭ್ಯ ಅಯೋಡಿನ್ ಶೇಕಡಾವಾರಿನ ಹತ್ತು ಪಟ್ಟಿನಿಂದ ಭಾಗಿಸಿ. ಉತ್ತರ ಮಿಲಿಲೀಟರಿನಲ್ಲಿ ಬರುತ್ತದೆ. 10 ಲೀಟರ್ ನೀರಿಗೆ 50 ಪಿಪಿಎಂ ಬೇಕಾದರೆ, ಶೇ 5ರ ಬಾಟಲಿಯಿಂದ 100 ಮಿಲಿಲೀಟರ್, ಶೇ 10ರ ಬಾಟಲಿಯಿಂದ 50 ಮಿಲಿಲೀಟರ್.

ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವಾಗ ‘ಸೊಲ್ಯೂಷನ್’ ಎಂದಿರುವುದನ್ನೇ ಕೇಳಿ. ‘ಸರ್ಜಿಕಲ್ ಸ್ಕ್ರಬ್’ ಎಂಬುದರಲ್ಲಿ ನೊರೆ ಬರುವ ಮಾರ್ಜಕ ಇರುತ್ತದೆ, ಅದು ಮೊಟ್ಟೆಗಳನ್ನು ಕೊಲ್ಲುತ್ತದೆ. ಬಣ್ಣ, ವಾಸನೆ ಎರಡೂ ಒಂದೇ ಥರ ಇರುವುದರಿಂದ ಲೇಬಲ್ ಓದದೆ ಗೊತ್ತಾಗದು.

ದ್ರಾವಣವನ್ನು ಮೊಟ್ಟೆ ಇರುವ ನೀರಿನಷ್ಟೇ ಲವಣಾಂಶ, ಅಷ್ಟೇ ಉಷ್ಣಾಂಶದ ಸಮುದ್ರದ ನೀರಿನಲ್ಲಿ ಮಾಡಿ. ಪಿಎಚ್ ಕಡ್ಡಾಯವಾಗಿ ನೋಡಿ. ಅಯೋಡಿನ್ ದ್ರಾವಣ ಆಮ್ಲೀಯ. ಪಿಎಚ್ 6ಕ್ಕಿಂತ ಕೆಳಗಿಳಿದರೆ ಮೊಟ್ಟೆಗೆ ವಿಷ, 8ಕ್ಕಿಂತ ಮೇಲೇರಿದರೆ ಅಯೋಡಿನ್ ಶಕ್ತಿ ಕುಗ್ಗುತ್ತದೆ. 7ರಿಂದ 8ರ ನಡುವೆ ಇದ್ದರೆ ಸರಿ. ಅಪ್ಪಟ ಸಮುದ್ರದ ನೀರು ಆಮ್ಲವನ್ನು ತಾನೇ ತಡೆದುಕೊಳ್ಳುತ್ತದೆ, ಹೊಳೆಯ ನೀರು ಬೆರೆತದ್ದಕ್ಕೆ ಆ ಶಕ್ತಿ ಕಡಿಮೆ. ಪಿಎಚ್ ಇಳಿದಿದ್ದರೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಬೆರೆಸಿ ಸರಿಮಾಡಿ.

ಹತ್ತು ನಿಮಿಷದ ಸ್ನಾನ

ಮೊಟ್ಟೆಗಳನ್ನು ಜಾಲರಿ ತಳದ ಬುಟ್ಟಿಗೆ ತೆಗೆದುಕೊಳ್ಳಿ. ನೀರು ಇಳಿದ ಮೊಟ್ಟೆಯ ಗಾತ್ರಕ್ಕೆ ದ್ರಾವಣ ಕನಿಷ್ಠ ಹತ್ತು ಪಟ್ಟು ಇರಲಿ: ಒಂದು ಲೀಟರ್ ಮೊಟ್ಟೆಗೆ ಹತ್ತು ಲೀಟರ್. ಬುಟ್ಟಿಯನ್ನು ಇಳಿಸಿದ ಕ್ಷಣದಿಂದ ಟೈಮರ್ ಹಾಕಿ. ಅಂದಾಜಿನ ಹತ್ತು ನಿಮಿಷ ಹದಿನೈದಾಗುವುದು ಬಹಳ ಸುಲಭ.

ಮೊಟ್ಟೆಗಳು ತೇಲುವುದರಿಂದ ಮೇಲಿನ ಪದರದವು ಗಾಳಿಗೆ ತೆರೆದುಕೊಂಡು ಮದ್ದು ತಗಲದೆ ಉಳಿಯುತ್ತವೆ. ಕೈಗವಸು ಹಾಕಿದ ಕೈಯಿಂದಲೋ ಮೃದುವಾದ ಪ್ಲಾಸ್ಟಿಕ್ ಹುಟ್ಟಿನಿಂದಲೋ ನಿಧಾನವಾಗಿ ಮುಳುಗಿಸುತ್ತಾ ತಿರುಗಿಸುತ್ತಿರಿ. ಬುಟ್ಟಿಯ ಅಂಚಿಗೆ ಅಂಟಿದ ಮೊಟ್ಟೆಗಳನ್ನು ಅದೇ ದ್ರಾವಣದಿಂದ ಕೆಳಗಿಳಿಸಿ. ಜೋರು ಗಾಳಿ ಬಿಡಬೇಡಿ. ದ್ರಾವಣದ ಕಂದು ಬಣ್ಣ ತೆಳು ಹಳದಿಗೆ ತಿರುಗಿದರೆ ಅಯೋಡಿನ್ ಮುಗಿದಿದೆ ಎಂದರ್ಥ. ಮುಂದಿನ ಬುಟ್ಟಿಗೆ ಹೊಸ ದ್ರಾವಣ ಮಾಡಿ, ಹಳೆಯದಕ್ಕೇ ಇನ್ನಷ್ಟು ಮದ್ದು ಸುರಿದು ಹೊಂದಿಸುವುದು ಬೇಡ.

ಸಮಯ ಮುಗಿದ ಕೂಡಲೇ ಬುಟ್ಟಿಯನ್ನು ಎತ್ತಿ ಶುದ್ಧ ಬದಿಯ ಜನರ ಕೈಗೆ ಕೊಡಿ. ಅಲ್ಲಿ ಹರಿಯುವ ಶುದ್ಧ ಸಮುದ್ರದ ನೀರಿನಲ್ಲಿ ಐದು ನಿಮಿಷವಾದರೂ, ಬಣ್ಣ ಪೂರ್ತಿ ಹೋಗುವವರೆಗೆ ತೊಳೆಯಬೇಕು. ಹರಿಯುವ ನೀರಿಲ್ಲದಿದ್ದರೆ ಮೂರು ಟಬ್ ಸಾಲಾಗಿಟ್ಟು ಒಂದರಿಂದ ಒಂದಕ್ಕೆ ದಾಟಿಸಿ.

ಪ್ರಮಾಣವನ್ನು ನಿಮ್ಮ ಟ್ಯಾಂಕಿನಲ್ಲೇ ಗೊತ್ತುಮಾಡಿ

ಸಾಲ್ಮನ್ ಮೊಟ್ಟೆಗೆ 100 ಪಿಪಿಎಂ, ಹತ್ತು ನಿಮಿಷ ಎಂಬುದು ಜಗತ್ತಿನಾದ್ಯಂತ ಒಪ್ಪಿದ ಪ್ರಮಾಣ. ಅದನ್ನು ಹಾಗೇ ತೆಳು ಪದರದ, ಬೆಚ್ಚಗಿನ ನೀರಿನ ಸಣ್ಣ ಮೊಟ್ಟೆಗಳಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. 50 ಪಿಪಿಎಂ ಆರಂಭಕ್ಕೆ ಸರಿಯಾದ ಜಾಗ. ಆದರೂ ಇಡೀ ತಂಡವನ್ನು ಅದಕ್ಕೆ ಒಡ್ಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ.

ಒಂದೇ ತಂಡದ ಮೊಟ್ಟೆಗಳಿಂದ ನೂರು ನೂರರ ಗುಂಪು ಮಾಡಿ. 0, 25, 50, 100 ಪಿಪಿಎಂ ಎಂದು ನಾಲ್ಕು ಪ್ರಮಾಣ, ಒಂದೊಂದಕ್ಕೆ ಮೂರು ಬೀಕರ್. ಎಲ್ಲಕ್ಕೂ ಹತ್ತು ನಿಮಿಷ, ಅದೇ ತೊಳೆಯುವಿಕೆ. ಸೊನ್ನೆಯ ಗುಂಪನ್ನೂ ಬರೀ ಸಮುದ್ರದ ನೀರಿನಲ್ಲಿ ಅಷ್ಟೇ ಹೊತ್ತು ಮುಳುಗಿಸಿ ತೊಳೆಯಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಎಷ್ಟು ಮರಿಯಾದವು, ಎಷ್ಟಕ್ಕೆ ಬೆನ್ನು ಸೊಟ್ಟ, ಎಷ್ಟು ಮೊಟ್ಟೆಯೊಳಗೇ ಪೂರ್ತಿ ಬೆಳೆದು ಹೊರಬರಲಾಗದೆ ಸತ್ತವು ಎಂದು ಎಣಿಸಿ. ಮರಿಗಳನ್ನು ಆಹಾರ ಕೊಡದೆ ಮೂರು ದಿನ ನೋಡಿ. ಮರಿಯಾಗುವ ಶೇಕಡಾವಾರು ಚೆನ್ನಾಗಿದ್ದು ಮೂರನೇ ದಿನಕ್ಕೆ ಮರಿಗಳು ಕುಸಿದರೆ ಆ ಪ್ರಮಾಣ ಹೆಚ್ಚಾಯಿತೆಂದೇ ತಿಳಿಯಬೇಕು. ಕುರುಡಿಗೆ ಸಿಕ್ಕ ಉತ್ತರ ಪೊಂಪಾನೊಗೆ ಹೊಂದುತ್ತದೆಂದು ಭಾವಿಸದೆ, ಪ್ರತಿ ಜಾತಿಗೂ ಮತ್ತು ಮದ್ದಿನ ಕಂಪನಿ ಬದಲಾದಾಗಲೂ ಈ ಪರೀಕ್ಷೆಯನ್ನು ಮತ್ತೆ ಮಾಡಿ.

ತೊಳೆದ ಮೇಲಿನ ಮೊದಲ ದಿನ

ಮರಿ ಮಾಡಿಸುವ ಟ್ಯಾಂಕಿನಲ್ಲಿ ಲೀಟರಿಗೆ 500 ಮೊಟ್ಟೆ ಮೀರದಿರಲಿ. ಮೊಟ್ಟೆಗಳು ಒಂದೆಡೆ ಗುಂಪಾಗದಂತೆ ಸಣ್ಣ ಗುಳ್ಳೆಗಳ ಹದವಾದ ಗಾಳಿ ಇರಲಿ. ಸ್ನಾನದಲ್ಲಿ ಪೆಟ್ಟು ತಿಂದ ಕೆಲವು ಮೊಟ್ಟೆಗಳು ಒಂದೆರಡು ಗಂಟೆಯಲ್ಲಿ ಬಿಳಿಚಿ ಮುಳುಗುತ್ತವೆ. ಗಾಳಿ ನಿಲ್ಲಿಸಿ ಅವನ್ನು ತೆಗೆಯಿರಿ.

ಮರಿ ಹೊರಬಂದ ಮೇಲೆ ಒಡೆದ ಹೊರಪದರಗಳು ಮತ್ತು ಉಳಿದ ದ್ರವ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮರಿಗಳು ಮೇಲ್ಪದರದಲ್ಲಿರುವಾಗ ಅವನ್ನು ನೀರಿನ ಸಮೇತ ಮೆಲ್ಲನೆ ಮೊಗೆದು ಸಾಕುವ ಟ್ಯಾಂಕಿಗೆ ದಾಟಿಸಿ, ಸಿಪ್ಪೆಯನ್ನು ಹಿಂದೆಯೇ ಬಿಡಿ.

ಆ ಸಾಕುವ ಟ್ಯಾಂಕಿನ ನೀರಿನ ಬಗ್ಗೆ ಹೆಚ್ಚಿನವರು ಯೋಚಿಸುವುದಿಲ್ಲ. ಸೋಂಕು ಕಳೆದ ಮೊಟ್ಟೆ, ಆಗಷ್ಟೇ ಯುವಿ ದಾಟಿದ ನೀರು ಎರಡೂ ಸೇರಿದರೆ ಅದು ಉತ್ತು ಬಿತ್ತದೆ ಬಿಟ್ಟ ಹೊಲದಂತೆ, ಮೊದಲು ಮೊಳೆಯುವುದು ಕಳೆಯೇ. ವೇಗವಾಗಿ ಹೆಚ್ಚುವ ವಿಬ್ರಿಯೊಗಳು ಖಾಲಿ ಜಾಗವನ್ನು ಬೇಗ ಹಿಡಿಯುತ್ತವೆ. ಅದಕ್ಕೇ ನಾರ್ವೆಯ ಸಂಶೋಧಕರು ಶುದ್ಧೀಕರಿಸಿದ ನೀರನ್ನು ಜೈವಿಕ ಫಿಲ್ಟರಿನ ಮೂಲಕ ಹಾಯಿಸಿ, ನಿಧಾನವಾಗಿ ಬೆಳೆಯುವ, ಅಪಾಯವಿಲ್ಲದ ಬ್ಯಾಕ್ಟೀರಿಯಾಗಳು ನೆಲೆಸಲು ಬಿಟ್ಟು ಆಮೇಲೆ ಮರಿಗಳಿಗೆ ಕೊಡುವ ಕ್ರಮವನ್ನು ರೂಪಿಸಿದರು. ಸಣ್ಣ ಹ್ಯಾಚರಿಯಲ್ಲೂ ಚೆನ್ನಾಗಿ ಪಳಗಿದ ಜೈವಿಕ ಫಿಲ್ಟರ್ ಮೂಲಕ ಕೆಲವು ದಿನ ನೀರನ್ನು ಸುತ್ತಿಸುವುದು ಕಷ್ಟವೇನಲ್ಲ. ಆ ಫಿಲ್ಟರ್ ತಾಯಿ ಮೀನಿನ ಟ್ಯಾಂಕಿನದ್ದಾಗಿರಬಾರದು ಅಷ್ಟೆ.

ದಾಖಲೆ ಮತ್ತು ಉಳಿದ ದ್ರಾವಣ

ಪ್ರತಿ ತಂಡಕ್ಕೂ ಒಂದು ಪುಟ ಇಡಿ: ಯಾವ ತಾಯಿ ಮೀನುಗಳು, ಮೊಟ್ಟೆ ಇಟ್ಟ ಹೊತ್ತು, ಸ್ನಾನದ ಹೊತ್ತಿಗೆ ಭ್ರೂಣದ ಹಂತ, ಪಿಎಚ್, ಉಷ್ಣಾಂಶ, ಪಿಪಿಎಂ, ನಿಮಿಷ, ಮರಿಯಾದ ಶೇಕಡಾವಾರು, ಮೂರನೇ ದಿನದ ಉಳಿವು. ಮರಿಗಳು ಮೂರನೇ ವಾರದಲ್ಲಿ ಸುರುಳಿ ಸುತ್ತತೊಡಗಿದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ. ನೋಡಾ ಖಚಿತವಾದರೆ ಈ ಪುಟವೇ ಯಾವ ತಾಯಿ ಮೀನನ್ನು ಮತ್ತೆ ಪರೀಕ್ಷಿಸಬೇಕೆಂದು ಹೇಳುತ್ತದೆ. ಒಂದೇ ತಾಯಿಯ ತಂಡಗಳಲ್ಲಿ ರೋಗ ಮರುಕಳಿಸುತ್ತಿದ್ದರೆ ಅಯೋಡಿನ್ ಪ್ರಮಾಣ ಏರಿಸುವುದರಿಂದ ಏನೂ ಪ್ರಯೋಜನವಿಲ್ಲ, ಆ ಮೀನನ್ನು ಗುಂಪಿನಿಂದ ಹೊರಗಿಡಬೇಕು.

ಬಳಸಿದ ದ್ರಾವಣವನ್ನು ಹಾಗೇ ಚರಂಡಿಗೋ ಕಡಲಿಗೋ ಸುರಿಯಬೇಡಿ. ಸೋಡಿಯಂ ಥಯೋಸಲ್ಫೇಟ್ ಹರಳು ಅಯೋಡಿನ್ನನ್ನು ಕಳೆಯುತ್ತದೆ. 50 ಪಿಪಿಎಂನ 10 ಲೀಟರ್ ದ್ರಾವಣದಲ್ಲಿ ಅರ್ಧ ಗ್ರಾಂ ಅಯೋಡಿನ್ ಇರುತ್ತದೆ, ಅದಕ್ಕೆ ಒಂದು ಗ್ರಾಂ ಹರಳು ಬೇಕು. ಒಂದೂವರೆ ಗ್ರಾಂ ಹಾಕಿದರೆ ನಿಶ್ಚಿಂತೆ. ಕಂದು ಬಣ್ಣ ಮಾಯವಾದ ಮೇಲೆ ಒಂದು ಲೋಟದಲ್ಲಿ ತೆಗೆದು ತಣಿದ ಅನ್ನದ ಗಂಜಿ ತಿಳಿಯ ಕೆಲವು ಹನಿ ಬಿಡಿ. ನೀಲಿಗಟ್ಟಿದರೆ ಅಯೋಡಿನ್ ಇನ್ನೂ ಉಳಿದಿದೆ, ಇನ್ನಷ್ಟು ಹರಳು ಹಾಕಿ ಕಲಕಿ. ನೀಲಿ ಬಾರದಿದ್ದರೆ ತ್ಯಾಜ್ಯ ನೀರಿನ ತೊಟ್ಟಿಗೆ ಬಿಡಬಹುದು.